ಬಣ್ಣ ಯಾವಾಗ ಹಚ್ಚಿಸಿದಿರಿ ಅಂತ ಮೊದಲು ಕೇಳು

ಪ್ರೀತಿಯ ದೋಸ್ತಾ,

ನೀನು ಕಳಿಸಿದ ಫೋಟೋಗಳನ್ನು ನೋಡಿದೆ. ಸೇಡಂ ರಸ್ತೆ ಕಡೆ ಮನೆ, 30×40ರ ಪ್ಲಾಟು, ಹೇಳುತ್ತಿರುವ ರೇಟು 48 ಲಕ್ಷ. ಹದಿನೈದು ವರ್ಷ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿದ ನೀನು ಕಲಬುರಗಿಗೆ ವಾಪಸ್ ಬರುತ್ತೀಯ ಅಂತ ಕೇಳಿ ಅವತ್ತು ಖುಷಿಗೆ ನಿದ್ದೆಯೇ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕಡೆ ಮನೆ ಹುಡುಕುತ್ತಿರುವ ಬೇರೆಯವರಿಗೂ ಉಪಯೋಗ ಆಗಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಇಲ್ಲಿ ಹಾಕಿದ್ದೇನೆ.

ಫೋಟೋದಲ್ಲಿ ಗೋಡೆಗಳು ಹೊಳೆಯುತ್ತಿವೆ. ಹೊಸ ಬಣ್ಣ. ನನಗೆ ಅದೇ ಚಿಂತೆ.

ನೆನಪಿದೆಯಾ, ಬೇಸಿಗೆ ರಜೆಯಲ್ಲಿ ನಿಮ್ಮ ಎರೆ ಹೊಲಕ್ಕೆ, ಅಂದರೆ ಕರಿಮಣ್ಣಿನ ಹೊಲಕ್ಕೆ ಹೋಗುತ್ತಿದ್ದೆವು. ನೆಲ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತಿತ್ತು. ಆ ಬಿರುಕಿನೊಳಗೆ ಜೋಳದ ದಂಟು ಇಳಿಬಿಟ್ಟು ಎಷ್ಟು ಆಳ ಹೋಗುತ್ತದೆ ಅಂತ ನೋಡುತ್ತಿದ್ದೆವು. ಮಳೆ ಬಿದ್ದರೆ ಅದೇ ನೆಲ ಉಬ್ಬಿ, ಬಿರುಕೆಲ್ಲ ಮುಚ್ಚಿಕೊಂಡು, ಕಾಲಿಟ್ಟರೆ ಚಪ್ಪಲಿ ಬಿಡುತ್ತಿರಲಿಲ್ಲ. ಆ ಮಣ್ಣೇ ಕಲಬುರಗಿಯ ಬಹಳಷ್ಟು ಮನೆಗಳ ಕೆಳಗೂ ಇದೆ. ಜೋಳಕ್ಕೆ, ತೊಗರಿಗೆ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ. ಮನೆಗೆ ಮಾತ್ರ ಅದು ಕಷ್ಟ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಪಾಯ ಮೇಲೆಮೇಲೇ ಹಾಕಿದ್ದರೆ ಮನೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಈ ಕಾಟ ಇಲ್ಲ. ಬೀದರಿನ ಜಂಬಿಟ್ಟಿಗೆ ನೆಲದಲ್ಲೂ ಇಲ್ಲ. ಇಷ್ಟು ವರ್ಷ ದೂರ ಇದ್ದವನಿಗೆ ಇದು ಮರೆತಿರಬಹುದು.

ನನ್ನ ಮನೆಯನ್ನು ನಾನು ನೋಡಿದ್ದು ದೀಪಾವಳಿ ಕಳೆದ ಮೇಲೆ. ಕೆನೆ ಬಣ್ಣ, ಒಂದು ಕಲೆ ಇರಲಿಲ್ಲ. ರೇಟು ಕೇಳಿದೆ, ನೀರಿನ ಬಗ್ಗೆ ಕೇಳಿದೆ, ಕಾಗದ ಕೇಳಿದೆ. ಬಣ್ಣ ಯಾವಾಗ ಹಚ್ಚಿಸಿದಿರಿ ಅಂತ ಕೇಳಲಿಲ್ಲ. ಮೇ ತಿಂಗಳಿಗೆ ಮಲಗುವ ಕೋಣೆಯ ಕಿಟಕಿಯ ಮೂಲೆಯಿಂದ ಒಂದು ಗೆರೆ ಓರೆಯಾಗಿ ಮೇಲೆ ಹತ್ತಿತು. ಮೊದಲು ಕೂದಲೆಳೆಯಷ್ಟಿತ್ತು. ಮುಂದಿನ ಬೇಸಿಗೆಗೆ ಒಂದು ರೂಪಾಯಿ ನಾಣ್ಯ ತೂರುವಷ್ಟಾಯಿತು. ಮಳೆಗಾಲದಲ್ಲಿ ಬಾಗಿಲು ಹಾಕಲು ಬರುತ್ತಿರಲಿಲ್ಲ, ಶಿವರಾತ್ರಿ ಹೊತ್ತಿಗೆ ತಾನೇ ಸಡಿಲ ಆಗುತ್ತಿತ್ತು. ಗೌಂಡಿಯನ್ನು ಕರೆಸಿ ಕೆರೆಸಿದೆವು. ನಮ್ಮ ಬಣ್ಣದ ಕೆಳಗೆ ಪುಟ್ಟಿ, ಅದರ ಕೆಳಗೆ ಸಿಮೆಂಟು, ಅದರ ಕೆಳಗೆ ಇನ್ನೊಂದು ಸಲ ತುಂಬಿದ ಗುರುತು. ಮಾರಿದವರಿಗೆ ಎಲ್ಲ ಗೊತ್ತಿತ್ತು. ಆ ಮನೆಯಲ್ಲಿ ನನ್ನ ಅಪ್ಪ ಹೊಲ ಮಾರಿದ ದುಡ್ಡಿತ್ತು ದೋಸ್ತಾ. ರಿಪೇರಿಗೆ ಎರಡು ಲಕ್ಷ ದಾಟಿತು. ಅದಕ್ಕಿಂತ ಜಾಸ್ತಿ ನೋವಾಗಿದ್ದು, ಅಪ್ಪ ಆ ಗೋಡೆ ಮುಂದೆ ನಿಂತು ಏನೂ ಮಾತಾಡದೆ ಕೈಯಾಡಿಸಿದ್ದು ನೋಡಿ.

ಅದಕ್ಕೇ ಹೇಳುತ್ತಿದ್ದೇನೆ. ಹೋದ ಕೂಡಲೇ ಕೇಳು: "ಬಣ್ಣ ಯಾವಾಗ ಹಚ್ಚಿಸಿದ್ರಿ? ಹಚ್ಚೋ ಮುಂಚೆ ಎಲ್ಲೆಲ್ಲಿ ಬಿರುಕಿತ್ತು?" ಇತ್ತಾ ಅಂತ ಕೇಳಬೇಡ, ಎಲ್ಲೆಲ್ಲಿ ಇತ್ತು ಅಂತ ಕೇಳು. ಇತ್ತಾ ಅಂದರೆ ಇಲ್ಲ ಅನ್ನುವುದು ಸುಲಭ. ಆಮೇಲೆ ಪಾಯದ ವಿಷಯ. "ಎಷ್ಟು ಅಡಿ ತೆಗೆಸಿದ್ರಿ? ಎರೆ ಮಣ್ಣು ದಾಟಿ ಗಟ್ಟಿ ನೆಲ ಹತ್ತಿತ್ತಾ? ಪ್ಲಿಂತ್ ಬೀಮ್ ಹಾಕ್ಸಿದ್ರಾ? ಒಳಗೆ ತುಂಬಿದ್ದು ಮೊರಂ ಏನು, ಅಗೆದ ಕರಿಮಣ್ಣೇ ಏನು?" ಪ್ಲಿಂತ್ ಬೀಮ್ ಅಂದರೆ ಪಾಯದ ಮೇಲೆ, ಗೋಡೆಯ ಕೆಳಗೆ ಸುತ್ತ ಹಾಕುವ ಕಾಂಕ್ರೀಟ್ ತೊಲೆ; ಮೊರಂ ಅಂದರೆ ಗರಸು ಮಣ್ಣು. ತಾವೇ ನಿಂತು ಕಟ್ಟಿಸಿದವರಾದರೆ ಈ ಪ್ರಶ್ನೆಗೆ ಅವರ ಮುಖ ಅರಳುತ್ತದೆ. ಎಷ್ಟು ಕಷ್ಟಪಟ್ಟೆವು ಅಂತ ತಾವಾಗಿ ಹೇಳುತ್ತಾರೆ. ಕಟ್ಟುವಾಗ ತೆಗೆದ ಫೋಟೋ ಮೊಬೈಲಿನಲ್ಲಿ ಇದೆಯಾ ಅಂತ ಕೇಳು, ಈಗ ಬಹಳ ಜನರ ಹತ್ತಿರ ಇರುತ್ತದೆ. ಕಟ್ಟಿದ ಗೌಂಡಿಯ ನಂಬರನ್ನೂ ಕೇಳು. ಕೊಡಲು ಹಿಂದೆಮುಂದೆ ನೋಡಿದರೆ ನೀನೂ ಹಿಂದೆಮುಂದೆ ನೋಡು.

ಅವರು ಮಾತಾಡುತ್ತಿರುವಾಗ ನೀನು ಪ್ರತಿ ಬಾಗಿಲನ್ನೂ ಒಂದು ಸಲ ಹಾಕಿ ತೆಗೆ. ಕೆಳಗಿನ ಅಂಚು ರಂದಾ ಹೊಡೆದು ಸವೆಸಿದ ಹಾಗಿದ್ದರೆ ಯಾಕೆ ಅಂತ ಕೇಳು. ನೆಲ ಮತ್ತು ಗೋಡೆ ಕೂಡುವಲ್ಲಿ ಸಂದಿ ಬಿಟ್ಟಿದೆಯಾ ನೋಡು, ಬಿಟ್ಟಿದ್ದರೆ ಒಳಗೆ ತುಂಬಿದ ಮಣ್ಣು ಕುಸಿದಿದೆ. ಮನೆಯ ಸುತ್ತ ಹೊರಗೆ ಎರಡು ಮೂರು ಅಡಿಯಾದರೂ ಪರಸಿ ಅಥವಾ ಕಾಂಕ್ರೀಟ್ ಹಾಸಿರಬೇಕು, ಇಲ್ಲದಿದ್ದರೆ ಮಾಳಿಗೆ ನೀರು ನೇರ ಪಾಯಕ್ಕೆ ಇಳಿಯುತ್ತದೆ. ಪ್ಲಾಸ್ಟರಿನ ಮೇಲೆ ಜೇಡರ ಬಲೆಯ ಹಾಗೆ ಸಣ್ಣ ಗೆರೆಗಳಿದ್ದರೆ ಹೆದರಬೇಡ, ಅದು ಎಲ್ಲ ಮನೆಯಲ್ಲೂ ಇರುತ್ತದೆ. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟ ಬಿರುಕೇ ಕೆಟ್ಟದ್ದು.

ಇನ್ನು ಸೆಕೆ. ನಮ್ಮ ಮೇ ತಿಂಗಳು ನಿನಗೆ ಗೊತ್ತು, 42 ಡಿಗ್ರಿ ದಾಟುತ್ತದೆ. "ಮನೆ ತಂಪಾಗಿರುತ್ತಾ" ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ. "ಮೇ ತಿಂಗಳಲ್ಲಿ ನೀವು ಯಾವ ಕೋಣೇಲಿ ಮಲಗ್ತೀರಿ?" ಅಂತ ಕೇಳು. ನಿಜ ಅಲ್ಲಿ ಹೊರಬರುತ್ತದೆ. ಆ ತಿಂಗಳ ಜೆಸ್ಕಾಂ ಕರೆಂಟ್ ಬಿಲ್ಲನ್ನೂ ನೋಡು. ಒಂದು ಕೋಣೆಯಲ್ಲಿ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಉಳಿದಿದೆ ಅಂತ ನೀನು ಅಂದಿದ್ದೆ, ಅದನ್ನು ಯಾರು ಏನೇ ಹೇಳಿದರೂ ಕೀಳಿಸಬೇಡ. ಬೇಸಿಗೆ ಮಧ್ಯಾಹ್ನ ಅದರ ಮೇಲೆ ಬರಿ ಮೈಯಲ್ಲಿ ಮಲಗುವ ಸುಖ ಯಾವ ಟೈಲ್ಸಿನಲ್ಲೂ ಇಲ್ಲ.

ನೀರಿನ ಬಗ್ಗೆ ಮಾಲೀಕರನ್ನು ಕೇಳು, ಆಮೇಲೆ ಪಕ್ಕದ ಮನೆಯ ಅಮ್ಮನನ್ನೂ ಕೇಳು. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಹೋದ ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ಹಾಕಿಸಿದರು, ಬೋರ್ ಎಷ್ಟು ಆಳ. ಬಚ್ಚಲಿಗೆ ಹೋಗಿ ಬಕೆಟ್ಟಿನ ಒಳಗೆ ನೋಡು. ಬಿಳಿ ಪದರ ದಪ್ಪಗೆ ಕಟ್ಟಿದ್ದರೆ ಬೋರಿನದು ಗಡಸು ನೀರು. ಸುಣ್ಣಕಲ್ಲಿನ ಸೀಮೆ ನಮ್ಮದು, ಅದಕ್ಕೇ ಅಲ್ವಾ ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದಿದ್ದು. ಮಳೆ ಬಗ್ಗೆ ಕೇಳುವಾಗ 2020ರ ಅಕ್ಟೋಬರ್ ಅಂತ ಹೆಸರು ಹಿಡಿದೇ ಕೇಳು. ಭೀಮೆ ಉಕ್ಕಿ ಹರಿದ ಆ ಮಳೆ ಯಾರಿಗೂ ಮರೆತಿಲ್ಲ. ಅವತ್ತು ಈ ಓಣಿಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು? ಅಂಗಳಕ್ಕಾ, ಹೊಸ್ತಿಲಿಗಾ?

ಕಾಗದಪತ್ರಕ್ಕೆ ವಕೀಲರು ಬೇಕೇ ಬೇಕು, ನಾನು ಅದರಲ್ಲಿ ಜಾಸ್ತಿ ಹೇಳುವುದಿಲ್ಲ. ಎನ್‌ಎ ಆದೇಶ (ಹೊಲದ ಜಾಗವನ್ನು ಮನೆ ಕಟ್ಟಲು ಬದಲಿಸಿದ್ದು), ಲೇಔಟ್ ಮಂಜೂರಾತಿ, ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆ), ಇಸಿ (ಆಸ್ತಿಯ ಮೇಲೆ ಸಾಲ, ವ್ಯವಹಾರ ಏನಿದೆ ಅಂತ ತೋರಿಸುವ ಪತ್ರ), ಇಷ್ಟನ್ನು ಅವರು ನೋಡುತ್ತಾರೆ. ಊರಿನ ಹೆಸರು ಕಲಬುರಗಿ ಅಂತ ಆಗಿದ್ದು 2014ರ ನವೆಂಬರ್ 1ಕ್ಕೆ, ಹಳೆಯ ಪತ್ರದಲ್ಲಿ ಗುಲ್ಬರ್ಗಾ ಅಂತ ಇದ್ದರೆ ಗಾಬರಿ ಬೇಡ. ನೀನೇ ಬಾಯಿಬಿಟ್ಟು ಕೇಳಬೇಕಾದ್ದು ಎರಡು. ಮೂಲ ಪತ್ರ ಎಲ್ಲಿದೆ, ಮನೆಯಲ್ಲಾ ಬ್ಯಾಂಕಿನಲ್ಲಾ? ಜೆರಾಕ್ಸ್ ನೋಡಿ ತಲೆಯಾಡಿಸಬೇಡ. ಎರಡನೆಯದು, ಇದು ಸ್ವಂತ ಗಳಿಕೆಯ ಮನೆಯಾ, ಹಿರಿಯರಿಂದ ಬಂದದ್ದಾ? ಹಿರಿಯರದ್ದಾದರೆ ಅಕ್ಕತಂಗಿಯರು ಎಷ್ಟು ಜನ, ಎಲ್ಲರೂ ಬಂದು ಸಹಿ ಹಾಕುತ್ತಾರಾ? "ಅವರದೇನಿಲ್ಲ ಬಿಡ್ರಿ, ಮದುವೆ ಮಾಡಿ ಕೊಟ್ಟೀವಿ" ಅನ್ನುವ ಮಾತು ನಮ್ಮ ಕಡೆ ಈಗಲೂ ಕೇಳುತ್ತದೆ. 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ತಿದ್ದುಪಡಿ ಬರುವ ಮುಂಚೆಯೇ ತಂದೆ ತೀರಿಕೊಂಡಿದ್ದರೂ ಹಕ್ಕು ಹೋಗುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೋರ್ಟಿಗೆ ಅಲೆಯುವುದು ಒಂದು ಕಡೆ ಇರಲಿ. ಒಬ್ಬ ಹೆಣ್ಣುಮಗಳ ಪಾಲು ನುಂಗಿದ ಮನೆಯಲ್ಲಿ ನೀನು, ವೈನಿ, ಮಕ್ಕಳು ಇರುವುದು ನನಗೆ ಇಷ್ಟವಿಲ್ಲ.

ಖರ್ಚಿನ ಲೆಕ್ಕ ಈಗಲೇ ಹಾಕಿಕೋ. 45 ಲಕ್ಷ ದಾಟಿದರೆ ಸ್ಟ್ಯಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಎಲ್ಲ ಸೇರಿ 7.6%. ನಿನ್ನ 48 ಲಕ್ಷಕ್ಕೆ 3.65 ಲಕ್ಷದ ಹತ್ತಿರ. ಮಾತಾಡುವಾಗ ಇದು ತಲೆಯಲ್ಲಿರಲಿ.

ಭಾನುವಾರ ಬೆಳಿಗ್ಗೆ ಬೇಡ, ಮಧ್ಯಾಹ್ನ ಮೂರಕ್ಕೆ ಹೋಗೋಣ. ಆಗ ಪಡುವಣ ಗೋಡೆಗೆ ಬಿಸಿಲು ಬಿದ್ದಿರುತ್ತದೆ, ಮುಟ್ಟಿ ನೋಡಬಹುದು. ನಮ್ಮ ಮನೆ ರಿಪೇರಿ ಮಾಡಿದ ಗೌಂಡಿಗೆ ಹೇಳಿದ್ದೇನೆ, ಅವರೂ ಬರುತ್ತಾರೆ. ವೈನಿಯನ್ನು ಕರೆದುಕೊಂಡು ಬಾ, ಅಡುಗೆ ಮನೆ ಅವರೇ ನೋಡಲಿ. ಊಟ ನಮ್ಮಲ್ಲೇ, ಅವ್ವ ಆಗಲೇ ಎಣಗಾಯಿಗೆ ಬದನೆಕಾಯಿ ತರಲು ಹೇಳಿದ್ದಾಳೆ. ದಲ್ಲಾಳಿ ಅವತ್ತೇ ಸಂಚಕಾರ ಕೊಡಿ ಅಂತ ಅವಸರ ಮಾಡಬಹುದು. ಚೆಕ್‌ಬುಕ್ಕು ಬೆಂಗಳೂರಿನಲ್ಲೇ ಬಿಟ್ಟು ಬಾ.

ನಿನ್ನ ದೋಸ್ತ