ಪೋಷಕರಿಗೆ ಪತ್ರ: ಅರ್ಧಕ್ಕೆ ನಿಂತ ಕಥೆಯ ಉಳಿದರ್ಧ

ಪ್ರಿಯ ಪೋಷಕರೇ, ನಮಸ್ಕಾರ.

ಕಳೆದ ವಾರ ಒಬ್ಬ ತಾಯಿ ಶಾಲೆಗೆ ಬಂದರು. "ಸಾರ್, ಅಣ್ಣನ ಬದಲು ನಾನು ಕೆಲಸಕ್ಕೆ ಹೋಗ್ತೀನಿ ಅಂತಾನೆ ನನ್ನ ಮಗ. ಏನು ಹೇಳಿಕೊಟ್ಟಿದ್ದೀರಿ ನೀವು?" ಎಂದು ಕೇಳಿದರು. ನಗು ಬಂತು, ಆದರೆ ತಪ್ಪು ನನ್ನದೇ. ಎಂಟನೇ ತರಗತಿಗೆ ಜಾನ್ ಬಾಯ್ಲ್ ಓರೈಲಿ ಎಂಬ ಐರಿಷ್ ಪತ್ರಕರ್ತನ ಬಾಲ್ಯದ ಕಥೆ ಹೇಳುತ್ತಿದ್ದೆ. ಅರ್ಧಕ್ಕೇ ಗಂಟೆ ಹೊಡೆಯಿತು. ಮಕ್ಕಳು ಆ ಅರ್ಧವನ್ನೇ ಮನೆಗೆ ತಂದಿದ್ದಾರೆ. ಪೂರ್ತಿ ಕಥೆ ನಿಮಗೂ ಹೇಳಿಬಿಡುತ್ತೇನೆ.

ಐರ್ಲೆಂಡಿನ ಪೂರ್ವದಲ್ಲಿ ಬಾಯ್ನ್ ನದಿ ಹರಿಯುತ್ತದೆ. ಅದರ ಹತ್ತಿರದ ಡೌತ್ ಎಂಬ ಪುಟ್ಟ ಊರಿನ ಕೋಟೆಮನೆಯಲ್ಲಿ 1844ರ ಜೂನ್ 28ರಂದು ಜಾನ್ ಹುಟ್ಟಿದ. ಕೋಟೆ ಅಂದ ಕೂಡಲೇ ಸಿರಿವಂತ ಅಂದುಕೊಳ್ಳಬೇಡಿ. ಅಲ್ಲಿದ್ದದ್ದು ವಿಧವೆಯರಿಗೂ ಅನಾಥ ಮಕ್ಕಳಿಗೂ ಆಸರೆಯಾಗಿದ್ದ ನೆಟರ್‌ವಿಲ್ ಸಂಸ್ಥೆ. ಅಪ್ಪ ಅಲ್ಲಿನ ಶಾಲೆಯ ಮೇಷ್ಟ್ರು. ಮಗುವಿಗೆ ಒಂದು ವರ್ಷ ತುಂಬಿದ ಹೊತ್ತಿಗೆ ದೇಶದ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಆ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕೂ ಜಾಸ್ತಿ ಜನ ಹಡಗು ಹತ್ತಿ ದೇಶ ಬಿಟ್ಟರು.

ಜಾನ್‌ನ ಅಣ್ಣ ವಿಲಿಯಂ, ಹತ್ತಿರದ ಡ್ರಾಹೆಡಾ ಪಟ್ಟಣದ 'ಆರ್ಗಸ್' ಪತ್ರಿಕೆಯ ಅಚ್ಚುಕೂಟಕ್ಕೆ ಕೆಲಸ ಕಲಿಯಲು ಸೇರಿದ್ದ. ಸೇರಿಸಲು ಮನೆಯವರು 50 ಪೌಂಡ್ ಕಟ್ಟಿದ್ದರು. ಅಣ್ಣ ಕಾಯಿಲೆ ಬಿದ್ದು ಮನೆಗೆ ಬಂದ. ಕಟ್ಟಿದ ದುಡ್ಡು ನೀರಿನಲ್ಲಿ ಹೋಮವಾಗುವುದಿತ್ತು. ಆಗ 11 ವರ್ಷದ ಜಾನ್, "ಅಣ್ಣನ ಬದಲು ನಾನು ಹೋಗ್ತೀನಿ" ಅಂದ. ಇಲ್ಲಿಗೆ ಗಂಟೆ ಹೊಡೆದದ್ದು!

ಅವನು ಹೋದದ್ದನ್ನು ನಾನು ಹೊಗಳುತ್ತಿಲ್ಲ. ಮೇಷ್ಟ್ರ ಮಗನಿಗೇ ಶಾಲೆ ತಪ್ಪಿತಲ್ಲ, ಅದು ನನ್ನಂಥ ಮೇಷ್ಟ್ರಿಗೆ ಚುಚ್ಚುತ್ತದೆ. ಆದರೆ ಅಚ್ಚುಕೂಟವೂ ಒಂದು ಶಾಲೆಯೇ. ಚಿಕ್ಕವನಿದ್ದಾಗ ನಮ್ಮೂರಿನ ಪ್ರೆಸ್ಸಿನಲ್ಲಿ ನೋಡಿದ್ದೇನೆ. ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಆರಿಸಿ, ತಿರುವುಮುರುವಾಗಿ ಜೋಡಿಸಬೇಕು. ಒತ್ತಕ್ಷರದ ಮೊಳೆ ಬೇರೆ, ಅದು ಒಂದು ಮನೆ ಆಚೆ ಸರಿದರೆ ಮದುವೆ ಕಾಗದದಲ್ಲಿ ಮಾವನ ಹೆಸರೇ ಬದಲು. ಬೆರಳ ತುದಿ ಕಪ್ಪಾಗಿರುತ್ತಿತ್ತು. ಹಾಗೆ ಕಲಿತವನಿಗೆ ಒಂದು ಪದ ಜಾಸ್ತಿ ಬರೆದರೂ ಅದರ ಭಾರ ಗೊತ್ತಾಗುತ್ತದೆ.

ಸುಮಾರು ನಾಲ್ಕು ವರ್ಷಕ್ಕೆ 'ಆರ್ಗಸ್'ನ ಯಜಮಾನ ತೀರಿಕೊಂಡು ಜಾನ್‌ನ ಆ ಕೆಲಸ ಮುಗಿಯಿತು. 15ರ ಜಾನ್ ಹಡಗು ಹತ್ತಿ ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿದ್ದ ಚಿಕ್ಕಮ್ಮನ ಮನೆ ಸೇರಿದ. ಅಲ್ಲಿನ 'ಗಾರ್ಡಿಯನ್' ಪತ್ರಿಕೆಯಲ್ಲಿ ಮತ್ತೆ ಮೊಳೆ ಜೋಡಿಸಿದ, ಶಾರ್ಟ್‌ಹ್ಯಾಂಡ್ ಕಲಿತ, ವರದಿಗಾರನಾದ. 1863ರಲ್ಲಿ ಐರ್ಲೆಂಡಿಗೆ ವಾಪಸಾಗಿ ಬ್ರಿಟಿಷ್ ಕುದುರೆಪಡೆ ಸೇರಿದ. ಪಡೆಯೊಳಗೇ ಇದ್ದುಕೊಂಡು, ಬ್ರಿಟಿಷರ ಆಳ್ವಿಕೆಯಿಂದ ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಗುಟ್ಟಾಗಿ ಸಂಘಟಿಸುತ್ತಿದ್ದ ಫೀನಿಯನ್ನರ ಜೊತೆ ಕೈಜೋಡಿಸಿದ. 1866ರಲ್ಲಿ ಸಿಕ್ಕಿಬಿದ್ದ. ಮರಣದಂಡನೆ ಇಳಿದು 20 ವರ್ಷದ ಕಠಿಣ ಶಿಕ್ಷೆಯಾಯಿತು.

1867ರಲ್ಲಿ ಅವನನ್ನು ಹೂಗೊಮಾಂಟ್ ಎಂಬ ಹಡಗಿನಲ್ಲಿ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ನನಗೆ ಬೇಕಾದ ಜಾಗ ಇದೇ. ಆ ಹಡಗಿನಲ್ಲಿ 62 ಫೀನಿಯನ್ ಕೈದಿಗಳಿದ್ದರು. ಅಲ್ಲಿ ಪ್ರೆಸ್ ಎಲ್ಲಿ, ಮೊಳೆ ಎಲ್ಲಿ? ಅವರಲ್ಲಿ ಕೆಲವರು ಕೂತು ಕೈಯಲ್ಲೇ ಬರೆದು ಪತ್ರಿಕೆ ತಂದರು. ಓರೈಲಿಯೂ ಬರೆದ. ರಾತ್ರಿ ದೀಪದ ಮಂದ ಬೆಳಕಿನಲ್ಲಿ ಗಟ್ಟಿಯಾಗಿ ಓದುವುದು, ಉಳಿದವರು ಸುತ್ತ ಕೂತು ಕೇಳುವುದು. ಹೀಗೆ ಏಳು ಸಂಚಿಕೆ. ಆ ಹಾಳೆಗಳು ಈಗಲೂ ಸಿಡ್ನಿಯ ಗ್ರಂಥಾಲಯದಲ್ಲಿವೆ.

1869ರಲ್ಲಿ ಅವನು ಅಮೆರಿಕದ ತಿಮಿಂಗಿಲ ಬೇಟೆಯ ಹಡಗೊಂದನ್ನು ಹತ್ತಿ ತಪ್ಪಿಸಿಕೊಂಡ. ಅದೇ ವರ್ಷ ನವೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಇಳಿದ. ಆಮೇಲೆ ಬಾಸ್ಟನ್‌ನ 'ಪೈಲಟ್' ಪತ್ರಿಕೆ ಸೇರಿ ಅದರ ಸಂಪಾದಕನಾದ. 1890ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ.

ಈಗ ನಮ್ಮ ವಿಷಯ. ಮಕ್ಕಳು ಈ ತಿಂಗಳಿಂದ ಕೈಬರಹದ ಪತ್ರಿಕೆ ತರುತ್ತಿದ್ದಾರೆ. ಪರೀಕ್ಷೆ ಹತ್ತಿರ ಇರುವಾಗ ಇದೆಲ್ಲ ಯಾಕೆ ಎಂದು ಕೆಲವರು ಕೇಳಿದ್ದೀರಿ. ವಾರಕ್ಕೆ ಒಂದೇ ಪೀರಿಯಡ್, ಶನಿವಾರ ಮಾತ್ರ. "ಮೊಬೈಲಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆಸಿ ಕೊಡಲಾ?" ಎಂದು ಒಬ್ಬ ತಂದೆ ಕೇಳಿದರು. ದಯವಿಟ್ಟು ಬೇಡ. ಅಕ್ಷರ ಸೊಟ್ಟ ಇದ್ದರೂ ಪರವಾಗಿಲ್ಲ, ಅವರೇ ಬರೆಯಲಿ. ನೀವು ತಿದ್ದಿ ಕಳಿಸಿದರೆ ನನಗೆ ಗೊತ್ತಾಗುತ್ತದೆ, ಹೇಳಿರುತ್ತೇನೆ. ಒಬ್ಬೊಬ್ಬರ ಹತ್ತಿರ ಎರಡು ಬಿಳಿ ಹಾಳೆ, ಒಂದು ಕಪ್ಪು ಪೆನ್ನು ಕಳಿಸಿದರೆ ಸಾಕು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ, ಅವರು 11 ವರ್ಷದವರಿದ್ದಾಗ ಏನು ಮಾಡುತ್ತಿದ್ದರು ಎಂದು ಮಗು ಕೇಳುತ್ತದೆ. ಸುಮ್ನೆ ಹತ್ತು ನಿಮಿಷ ಮಾತಾಡಲು ಹೇಳಿ.

ಅಣ್ಣನ ಬದಲು ಕೆಲಸಕ್ಕೆ ಹೊರಟಿದ್ದ ಹುಡುಗ ಈಗ ಸಂಪಾದಕರ ಗುಂಪಿನಲ್ಲಿದ್ದಾನೆ. ಅವನ ತಾಯಿಗೆ ಒಂದು ಮಾತು: ಶನಿವಾರ ಅವನು ಮನೆಗೆ ಅರ್ಧ ಗಂಟೆ ತಡವಾಗಿ ಬರುತ್ತಾನೆ.

ಇತಿ ನಿಮ್ಮ,
ಮುಖ್ಯ ಶಿಕ್ಷಕ