ಪೋಸ್ಟರ್ ಸಾಕು, ಮಕ್ಕಳಿಗೆ ಆರೈಕೆಯ ಕೆಲಸ ಕಲಿಸಿ

ಮಾನ್ಯರೇ,

ಚಿಕ್ಕಮಗಳೂರು ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಆರೋಗ್ಯ ಪಾಠ ಜಾಥಾ, ಭಾಷಣಗಳಲ್ಲೇ ಮುಗಿಯಬಾರದು. ದುಡಿಯುವ ವಯಸ್ಸಿನವರು ಬೆಂಗಳೂರು ಸೇರಿದ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಅವರ ಆರೈಕೆಯನ್ನು ಒಂಬತ್ತನೇ ತರಗತಿಯ ಮಕ್ಕಳು ಖಂಡಿತ ಕಲಿಯಬಲ್ಲರು.

ಮೊದಲು ಮಗ್ಗುಲು ಬದಲಿಸುವುದನ್ನು ಕಲಿಸಿ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬದಲಿಸಬೇಕು. ತೋಳು ಹಿಡಿದು ಎಳೆದರೆ ಚರ್ಮ ಬೆಡ್‌ಶೀಟಿಗೆ ಉಜ್ಜಿ ಕಿತ್ತುಬರುತ್ತದೆ. ಆದ್ದರಿಂದ ಭುಜದಿಂದ ತೊಡೆಯವರೆಗೆ ಮೈಯಡಿ ಮಡಚಿದ ಇನ್ನೊಂದು ಬೆಡ್‌ಶೀಟ್ ಹಾಸಿ, ಇಬ್ಬರು ಎರಡೂ ಬದಿ ಹಿಡಿದು ಎತ್ತಿ ಸರಿಸಬೇಕು. ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಕೆಂಪು ಕಲೆಯಿದ್ದರೆ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ, ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದಿರಬಹುದು, ಬಿಸಿ ಮತ್ತು ಗಡಸುತನ ನೋಡಬೇಕು. ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿ ರೂಢಿ, ಅದರಿಂದ ಒಳಗಿನ ಗಾಯ ಹೆಚ್ಚುತ್ತದೆ.

ರಕ್ತದೊತ್ತಡ ನೋಡುವಾಗಿನ ತಪ್ಪೂ ಸಣ್ಣದಲ್ಲ. ಕಾಫಿ ಕುಡಿದು ಅರ್ಧ ಗಂಟೆಯಾಗಿರಬೇಕು, ಐದು ನಿಮಿಷ ಸುಮ್ಮನೆ ಕೂರಿಸಿರಬೇಕು. ತೋಳು ಎದೆಯ ಮಟ್ಟದಲ್ಲಿರಲಿ, ಜೋತುಬಿದ್ದಿದ್ದರೆ ಅಂಕಿ ಏರುತ್ತದೆ. ಕಾಫಿ ನಾಡಿನಲ್ಲಿ ಮೊದಲನೆಯದೇ ಕಷ್ಟ!

ಭೇದಿಯಾದಾಗ ಕುಡಿಸುವ ಓಆರ್‌ಎಸ್ ಪುಡಿಯ ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಪೂರ್ತಿ ಪುಡಿಯನ್ನು ಒಂದು ಲೀಟರ್ ನೀರಿಗೇ ಕದಡಬೇಕು. ಲೋಟಕ್ಕಿಷ್ಟು ಎಂದು ಅಂದಾಜಿನಲ್ಲಿ ಹಾಕಿ ಗಾಢವಾದರೆ ಭೇದಿ ಹೆಚ್ಚಬಹುದು.

ಮಕ್ಕಳು ಔಷಧ ಹೇಳಬಾರದು. ಆಶಾ ಕಾರ್ಯಕರ್ತೆಯ ಜೊತೆಯಲ್ಲೇ ಹೋಗಿ, ಕಂಡದ್ದನ್ನು ಬರೆದು ಅವರಿಗೇ ಕೊಡಲಿ. ಯಾರ ಮನೆಯ ಕಾಯಿಲೆಯೂ ಬಸ್‌ಸ್ಟ್ಯಾಂಡಿನ ಮಾತಾಗಬಾರದು, ಇದನ್ನು ಮೊದಲ ದಿನವೇ ಹೇಳಿಕೊಡಿ.

— ಆರೋಗ್ಯ ಶಿಕ್ಷಣದಲ್ಲಿ ತೊಡಗಿರುವವರು, ಕೊಪ್ಪ