ರಾಗಿ ಸರಿ: ಮೊಳಕೆಯ ಶ್ರಮ ಬಾಣಲೆಯಲ್ಲಿ ಪೋಲಾಗದಿರಲಿ

ಮಾನ್ಯ ಸಂಪಾದಕರೇ,

ಕೂಸಿಗೆ ಆರು ತಿಂಗಳು ತುಂಬಿದ ಮೇಲೆ ಮೊಳಕೆ ರಾಗಿಯ ಸರಿ ತಿನ್ನಿಸುವ ರೂಢಿ ನಮ್ಮಲ್ಲಿದೆ. ಅಷ್ಟು ಕಷ್ಟಪಟ್ಟು ಮೊಳಕೆ ಬರಿಸಿದ ಮೇಲೆ, ಹುರಿಯುವಾಗಲೂ ಬೇಯಿಸುವಾಗಲೂ ಅದರ ದೊಡ್ಡ ಪ್ರಯೋಜನವನ್ನೇ ಎಷ್ಟೋ ಮನೆಗಳಲ್ಲಿ ಕಳೆದುಕೊಳ್ಳುತ್ತಾರೆ.

ಮೊಳೆಯುವ ಕಾಳು ತನ್ನಲ್ಲಿರುವ ಪಿಷ್ಟವನ್ನು ಕುಡಿಗೆ ಉಣಿಸಲು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸಿಕೊಳ್ಳುತ್ತದೆ. (ಫ್ರಾನ್ಸಿನ ರಸಾಯನ ವಿಜ್ಞಾನಿಗಳಾದ ಪಾಯೆನ್ ಮತ್ತು ಪೆರ್ಸೊ 1833ರಲ್ಲಿ ಮೊಳೆತ ಬಾರ್ಲಿಯಿಂದ ಬೇರ್ಪಡಿಸಿದ್ದೂ ಇಂಥ ಕಿಣ್ವವನ್ನೇ.) ಅದು ಪಿಷ್ಟದ ಉದ್ದ ಸರಪಳಿಯನ್ನು ತುಂಡರಿಸುತ್ತದೆ. ತುಂಡಾದ ಪಿಷ್ಟ ನೀರು ಹಿಡಿದು ಗಟ್ಟಿಯಾಗದು. ಹಾಗಾಗಿ 200 ಮಿ.ಲೀ. ನೀರಿಗೆ 20 ಗ್ರಾಂ ಸಾದಾ ಹಿಟ್ಟು ಹಾಕಿದರೇ ಮಂದವಾಗುವ ಸರಿ, ಕಿಣ್ವ ಕೆಲಸ ಮಾಡಿದಲ್ಲಿ 30 ಗ್ರಾಂ ಹಾಕಿದರೂ ಚಮಚದಿಂದ ಜಾರುತ್ತದೆ. ಕೂಸಿನ ಪುಟ್ಟ ಹೊಟ್ಟೆಗೆ ಬರೀ ನೀರಲ್ಲ, ಹಿಟ್ಟೂ ಸೇರುತ್ತದೆ.

ಕಿಣ್ವವೂ ಪ್ರೋಟೀನೇ. ಬಿಸಿ ಹೆಚ್ಚಾದರೆ ಅದರ ಆಕಾರ ಕೆಡುತ್ತದೆ, ಪಿಷ್ಟ ಬಂದು ಕೂರುವ ಜಾಗವೇ ಉಳಿಯುವುದಿಲ್ಲ. ಒಣಗಿದ ಕಾಳಿನಲ್ಲಿ ಅದು ಬಿಸಿಯನ್ನು ಒಂದಿಷ್ಟು ತಡೆಯುತ್ತದೆ, ಹಸಿಯಲ್ಲಿ ತಡೆಯದು. ಮೊಳಕೆಯನ್ನು ಹಸಿಯಾಗಿಯೇ ಬಾಣಲೆಗೆ ಸುರಿದು ಕೆಂಪಗೆ ಹುರಿದರೆ ಕಿಣ್ವ ಸತ್ತಂತೆಯೇ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುಮಾರು ಎರಡು ದಿನ ಕಟ್ಟಿಡಿ; ಬಟ್ಟೆ ಒಣಗದಂತೆ ನೀರು ಚಿಮುಕಿಸಿ. ಲೋಳೆಯಾಗಿ ವಾಸನೆ ಬಂದರೆ ಬಿಸಾಡಿ. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಬೇರನ್ನು ತಿಕ್ಕಿ ತೆಗೆದು, ಸಣ್ಣ ಉರಿಯಲ್ಲಿ ಬೆಚ್ಚಗಾಗುವಷ್ಟು ಮಾತ್ರ ಹುರಿದು ಪುಡಿ ಮಾಡಿಸಿ.

ಇನ್ನೊಂದು ತಪ್ಪು, ಮೊಳಕೆ ಹಿಟ್ಟನ್ನು ಕುದಿಯುವ ನೀರಿಗೇ ಹಾಕುವುದು. ಬೇಯದ ಪಿಷ್ಟದ ಮೇಲೆ ಕಿಣ್ವದ ಕೆಲಸ ಬಹಳ ನಿಧಾನ. ಬೆಂದ ಪಿಷ್ಟ ಅದಕ್ಕೆ ಸುಲಭದ ತುತ್ತು. ಆದರೆ ಬೇಯಿಸುವ ಕಾವೇ ಕಿಣ್ವವನ್ನು ಕೊಲ್ಲುತ್ತದೆ. ಅದಕ್ಕೆ ಮೊದಲು ಸಾದಾ ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ ಇಳಿಸಿ. 60ರಿಂದ 65 ಡಿಗ್ರಿಗೆ, ಅಂದರೆ ಬೆರಳಿಡಲಾಗದಿದ್ದರೂ ಕುದಿ ಪೂರ್ತಿ ಅಡಗಿದ ಹದಕ್ಕೆ ಆರಿದಾಗ, ಒಂದು ಟೀ ಚಮಚ ಮೊಳಕೆ ಹಿಟ್ಟು ಕಲಸಿ ಹತ್ತು ನಿಮಿಷ ಮುಚ್ಚಿಡಿ. ಸರಿ ಕಣ್ಣೆದುರೇ ತೆಳುವಾಗುತ್ತದೆ. ತೆಳುವಾಗದಿದ್ದರೆ ಹಿಟ್ಟು ಹೆಚ್ಚು ಹುರಿದಿದೆ, ಇಲ್ಲವೇ ಸರಿ ಸಾಕಷ್ಟು ಆರಿರಲಿಲ್ಲ ಎಂದರ್ಥ. ಮೊಸರು, ನಿಂಬೆಹುಳಿಯನ್ನು ಈ ಹೊತ್ತಿನಲ್ಲಿ ಸೇರಿಸಬೇಡಿ. ಹುಳಿ ಹೆಚ್ಚಾದರೆ ಕಿಣ್ವ ಮಂದವಾಗುತ್ತದೆ. ಕೊನೆಗೆ ಎರಡು ನಿಮಿಷ ಮತ್ತೆ ಕುದಿಸಲೇಬೇಕು, ಏಕೆಂದರೆ ಮೊಳಕೆಯ ತೇವದಲ್ಲಿ ರೋಗಾಣುಗಳೂ ಬೆಳೆದಿರುತ್ತವೆ.

ಅಂಗನವಾಡಿಗಳಲ್ಲಿ ತಾಯಂದಿರಿಗೆ ರಾಗಿ ಸರಿ ಹೇಳಿಕೊಡುವಾಗ ಹುರಿಯುವ ಹದವನ್ನೂ ಹಿಟ್ಟು ಬೆರೆಸುವ ಹೊತ್ತನ್ನೂ ಮಾಡಿಯೇ ತೋರಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ.

– ಆಹಾರ ವಿಜ್ಞಾನ ಬೋಧಕರು, ತುಮಕೂರು